ತೂರಾಡುವವರೆಲ್ಲ ಕುಡಿದವರಲ್ಲ

ಮಾರಿಕುಪ್ಪಂನಿಂದ ಹೊರಟ ಬೆಳಗಿನ ರೈಲು ಚಾಂಪಿಯನ್, ಊರಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನರಿಗೆ ಬೆಂಗಳೂರಿನ ಕೆಲಸವೇ ಗತಿ, ಈ ರೈಲೇ ದಾರಿ. ಆ ಗುಂಪಿನಲ್ಲಿ ಒಬ್ಬ ಕಾಲು ಅಗಲಿಸಿ ನಿಂತು, ರೈಲು ನಿಂತ ಮೇಲೂ ತೂಗಾಡಿ, ಕೇಳಿದ್ದಕ್ಕೆ ಎಳೆದೆಳೆದು ಉತ್ತರ ಕೊಟ್ಟರೆ ತೀರ್ಪು ಅಲ್ಲೇ ಸಿದ್ಧ: ‘ಬೆಳಿಗ್ಗೆಬೆಳಿಗ್ಗೇನೇ ಎಣ್ಣೆ ಹೊಡ್ದವ್ನೆ.’

ನಾನು ಫಿಸಿಯೋಥೆರಪಿಸ್ಟ್. ಬಂಗಾರಪೇಟೆಯಲ್ಲಿ ಸಣ್ಣದೊಂದು ಕ್ಲಿನಿಕ್ ನಡೆಸುತ್ತೇನೆ. ಓಡಾಡಲಾಗದವರಿಗೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್‌ನ ಮನೆಗಳಿಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಜನರ ನಡಿಗೆ ನೋಡುವುದೇ ನನ್ನ ಕಸುಬು. ಆ ತೀರ್ಪು ಎಷ್ಟೋ ಸಲ ತಪ್ಪು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ತೂರಾಟ, ತೊದಲು, ನಡುಗುವ ಕೈ ಮೂರೂ ಒಂದೇ ಕಾಯಿಲೆಯ ಗುರುತುಗಳಾಗಿರಬಹುದು. ಅವನ್ನು ಗುರುತಿಸಲು ಡಾಕ್ಟರೇ ಆಗಬೇಕಿಲ್ಲ. ಮನೆಯವರು, ಮೇಷ್ಟ್ರು, ಬಸ್ ಕಂಡಕ್ಟರ್ ಯಾರಾದರೂ ಗುರುತಿಸಬಹುದು. ಬೇಗ ಗುರುತಿಸಿದರೆ ಕೆಲವರು ಪೂರ್ತಿ ಗುಣವಾಗುತ್ತಾರೆ, ಕೆಲವರ ಜೀವವೇ ಉಳಿಯುತ್ತದೆ.

ಬೆಂಗಳೂರಿನ ಒಂದು ಕಂಪನಿಯಲ್ಲಿ ಸೆಕ್ಯೂರಿಟಿ ಕೆಲಸಕ್ಕಿದ್ದ ನಡುವಯಸ್ಸಿನವರೊಬ್ಬರು ನನ್ನ ಬಳಿ ಬಂದಾಗ ಕೆಲಸ ಕಳೆದುಕೊಂಡಾಗಿತ್ತು. ಡ್ಯೂಟಿಯಲ್ಲಿ ಕುಡಿದು ನಿಂತಿದ್ದಾರೆಂದು ಮೇಲಿನವರು ಬರೆದುಕೊಟ್ಟಿದ್ದರು. ಹೆಂಡತಿ ಹೇಳಿದ್ದು ಇಷ್ಟು: ‘ಮೇಡಂ, ಇವ್ರು ಮುಟ್ಟೋದೇ ಇಲ್ಲ. ನಮ್ ಮಾವನೂ ಕೊನೇಗ್ ಹಿಂಗೇ ನಡೀತಿದ್ರು. ಬೀದೀಲಿ ಎಲ್ರೂ ಅವ್ರನ್ನೂ ಕುಡುಕ ಅಂತಾನೇ ಅಂದ್ರು.’ ಎರಡು ತಲೆಮಾರಿಗೆ ಒಂದೇ ಕಾಯಿಲೆ, ಒಂದೇ ಹಣೆಪಟ್ಟಿ. ಎಂಆರ್‌ಐ ತೆಗೆಸಿದಾಗ ಅವರ ಕಿರುಮೆದುಳು ಸವೆದು ಕುಗ್ಗಿರುವುದು ಕಂಡಿತು.

ಬಲವಿದೆ, ಅಳತೆಯಿಲ್ಲ

ತಲೆಯ ಹಿಂಭಾಗದಲ್ಲಿ, ಕುತ್ತಿಗೆ ಸೇರುವ ಜಾಗದ ಮೇಲೆ ಕಿರುಮೆದುಳು ಇದೆ. ಡಾಕ್ಟರುಗಳು ಸೆರೆಬೆಲ್ಲಮ್ ಎನ್ನುತ್ತಾರೆ. ತೂಕ ಸುಮಾರು 150 ಗ್ರಾಂ, ಇಡೀ ಮೆದುಳಿನ ಹತ್ತನೇ ಒಂದು ಪಾಲು. ಆದರೆ ಬ್ರೆಜಿಲ್‌ನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಎಣಿಕೆಯ ಪ್ರಕಾರ, ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇರುವುದು ಈ ಪುಟ್ಟ ಭಾಗದಲ್ಲೇ.

ಇದರ ಕೆಲಸವನ್ನು ನಮ್ಮ ಊರಿನವರಿಗೆ ಗಣಿಯ ಭಾಷೆಯಲ್ಲಿ ಹೇಳುವುದು ನನಗೆ ರೂಢಿ. ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೇಜ್ ಎಂಬ ಲಿಫ್ಟಿನಲ್ಲಿ ಇಳಿದು ದುಡಿದವರು. ಯಾವ ಲೆವೆಲ್‌ಗೆ ಇಳಿಸಬೇಕೆಂದು ಗಂಟೆ ಹೊಡೆದು ತಿಳಿಸುವವನು ಒಬ್ಬ, ಮೇಲೆ ಕೂತು ಕೇಜನ್ನು ಇಳಿಸುವ ವೈಂಡಿಂಗ್ ಎಂಜಿನ್ ಡ್ರೈವರ್ ಇನ್ನೊಬ್ಬ. ಗಂಟೆ ಸರಿಯಾಗಿಯೇ ಬಾರಿಸಿರಬಹುದು, ಎಂಜಿನ್‌ಗೆ ಕಸುವೂ ಇರಬಹುದು. ಆದರೆ ಎಲ್ಲಿ ವೇಗ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಡ್ರೈವರನ ಅಂದಾಜು ತಪ್ಪಿದರೆ ಕೇಜ್ ಲೆವೆಲ್ ದಾಟಿ ಕೆಳಗಿಳಿಯುತ್ತದೆ, ಇಲ್ಲವೇ ಮೊದಲೇ ನಿಂತುಬಿಡುತ್ತದೆ. ಕಿರುಮೆದುಳು ಆ ಡ್ರೈವರನ ಜಾಗದಲ್ಲಿದೆ. ‘ಲೋಟ ಎತ್ತು’ ಎಂಬ ಆಜ್ಞೆ ಹೊರಡುವುದು ದೊಡ್ಡ ಮೆದುಳಿನಿಂದ. ಎತ್ತುವ ಬಲ ತೋಳಿನದು. ಎಷ್ಟು ದೂರ, ಎಷ್ಟು ವೇಗ, ಎಲ್ಲಿ ನಿಲ್ಲಬೇಕು ಎಂಬ ಅಳತೆ ಕಿರುಮೆದುಳಿನದು.

ಆದ್ದರಿಂದಲೇ ಕಿರುಮೆದುಳು ಕೆಟ್ಟವರಲ್ಲಿ ಶಕ್ತಿ ಹಾಗೇ ಇರುತ್ತದೆ. ಕೈ ಹಿಸುಕು ಎಂದರೆ ಗಟ್ಟಿಯಾಗಿ ಹಿಸುಕುತ್ತಾರೆ. ‘ವೀಕ್‌ನೆಸ್’ ಎಂದುಕೊಂಡು ತಿಂಗಳುಗಟ್ಟಲೆ ಟಾನಿಕ್ ಕುಡಿಸಿದರೆ ಕಾಲ ಕಳೆಯುತ್ತದೆಯೇ ಹೊರತು ನಡಿಗೆ ಸರಿಹೋಗುವುದಿಲ್ಲ. ಬಲವಿದ್ದೂ ಹೊಂದಾಣಿಕೆ ತಪ್ಪುವ ಈ ಸ್ಥಿತಿಗೆ ಅಟಾಕ್ಸಿಯಾ ಎನ್ನುತ್ತಾರೆ. ಗಾರ್ಡನ್ ಹೋಮ್ಸ್ ಎಂಬ ನರರೋಗ ತಜ್ಞ ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ್ದ ಸೈನಿಕರನ್ನು ಪರೀಕ್ಷಿಸಿ 1917ರಲ್ಲಿ ಇದರ ಗುರುತುಗಳನ್ನು ವಿವರವಾಗಿ ಬರೆದರು. ಯಾವ ಬದಿಯ ಕಿರುಮೆದುಳಿಗೆ ಪೆಟ್ಟು ಬಿದ್ದಿದೆಯೋ ಅದೇ ಬದಿಯ ಕೈಕಾಲು ಅಂಕೆ ತಪ್ಪುತ್ತವೆ ಎಂದು ಅವರು ತೋರಿಸಿಕೊಟ್ಟದ್ದು ಇಂದಿಗೂ ನಮಗೆ ದಾರಿ ತೋರಿಸುತ್ತದೆ.

ಕಾಲು ಹೇಳುವುದು

ಮೊದಲು ಕಾಣುವುದು ಸಾಮಾನ್ಯವಾಗಿ ನಡಿಗೆ. ಪಾದಗಳ ನಡುವೆ ಅಂತರ ಹೆಚ್ಚುತ್ತದೆ. ಹೆಜ್ಜೆ ಒಂದು ಉದ್ದ, ಒಂದು ಗಿಡ್ಡ. ನೆಟ್ಟಗೆ ಹೋಗುವಾಗ ಹೇಗೋ ಸಂಭಾಳಿಸಿದರೂ ತಿರುಗುವಾಗ ತಡವರಿಸುತ್ತಾರೆ. ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆಯನ್ನು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎನ್ನುತ್ತಾರೆ. ಕೈ ಕಂಬಿ ಬಿಡುವುದಿಲ್ಲ. ಕೆಲವರಿಗೆ ಸುಮ್ಮನೆ ಕೂತಾಗಲೂ ತಲೆ, ಮೈ ಮೆಲ್ಲಗೆ ಓಲಾಡುತ್ತಿರುತ್ತದೆ.

ನನ್ನ ಕ್ಲಿನಿಕ್ಕಿನ ನೆಲದಲ್ಲಿ ಟೈಲ್ಸ್ ಸೇರುವ ಗೆರೆಯೊಂದು ಬಾಗಿಲಿಂದ ಗೋಡೆಯವರೆಗೆ ನೇರ ಹೋಗುತ್ತದೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವ ಹಾಗೆ ಆ ಗೆರೆಯ ಮೇಲೆ ನಡೆಯಲು ಹೇಳುತ್ತೇನೆ. ಕಾಯಿಲೆಯ ಶುರುವಿನಲ್ಲಿ ಮಾಮೂಲಿ ನಡಿಗೆ ಚೆನ್ನಾಗಿದ್ದರೂ ಇಲ್ಲಿ ಮೂರು ನಾಲ್ಕು ಹೆಜ್ಜೆಗೇ ಕಾಲು ಪಕ್ಕಕ್ಕೆ ಬೀಳುತ್ತದೆ. ಮನೆಯಲ್ಲೂ ನೋಡಬಹುದು, ಆದರೆ ಒಬ್ಬರು ಪಕ್ಕದಲ್ಲೇ ಹಿಡಿಯಲು ಸಿದ್ಧರಾಗಿರಬೇಕು. ವಯಸ್ಸಾದವರು, ಮಂಡಿನೋವಿನವರು ಇದರಲ್ಲಿ ತಡವರಿಸುವುದು ಸಹಜ. ಇದೊಂದನ್ನೇ ಹಿಡಿದು ಕಾಯಿಲೆ ಎನ್ನಬಾರದು.

ಕೈ ಹೇಳುವುದು

ಕೈ ನೋಡಲು ಒಂದು ಪರೀಕ್ಷೆಯಿದೆ. ಬಂದವರು ಒಂದು ತೋರುಬೆರಳಿನಿಂದ ತಮ್ಮ ಮೂಗು ಮುಟ್ಟಿ, ಆಮೇಲೆ ಎದುರಿಗೆ ಹಿಡಿದ ನನ್ನ ಬೆರಳನ್ನು ಮುಟ್ಟಬೇಕು. ಹೊರಟಾಗ ಕೈ ನೆಟ್ಟಗೇ ಬರುತ್ತದೆ. ಗುರಿ ಹತ್ತಿರವಾದಂತೆ ಅತ್ತಿತ್ತ ಹೊಯ್ದಾಡಲು ಶುರುವಾಗಿ, ಕೊನೆಯ ನಾಲ್ಕು ಬೆರಳು ಅಂತರದಲ್ಲಿ ನಡುಕ ಜೋರಾಗುತ್ತದೆ. ಒಂದೋ ನನ್ನ ಬೆರಳನ್ನು ದಾಟಿ ಹೋಗುತ್ತದೆ, ಇಲ್ಲವೇ ಮೊದಲೇ ನಿಲ್ಲುತ್ತದೆ. ತೊಡೆಯ ಮೇಲಿಟ್ಟ ಕೈಯಲ್ಲಿ ನಡುಕವೇ ಇರುವುದಿಲ್ಲ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಇದಕ್ಕೆ ತಿರುಗುಮುರುಗು: ಸುಮ್ಮನಿದ್ದ ಕೈ ನಡುಗುತ್ತದೆ, ಕೆಲಸಕ್ಕೆ ಎತ್ತಿದಾಗ ಕಡಿಮೆಯಾಗುತ್ತದೆ.

ನಮ್ಮೂರಿನ ಹೆಸರಾದ ಪಾನಿಪುರಿಯ ಮುಂದೆ ನಿಂತರೂ ಇದು ಕಾಣುತ್ತದೆ. ತಿಳಿ ನೀರು ತುಂಬಿದ ಪುರಿ ತಟ್ಟೆಯಿಂದ ಏಳುವಾಗ ಸ್ಥಿರವಾಗಿರುತ್ತದೆ, ತುಟಿಯ ಹತ್ತಿರ ಬಂದಾಗ ನಡುಗಿ ಅರ್ಧ ನೀರು ಅಂಗಿಯ ಮೇಲೆ. ಮನೆಯಲ್ಲಾದರೆ ಕಾಫಿ ಲೋಟ, ಅಂಗಿ ಗುಂಡಿ, ಸೀರೆಯ ಪಿನ್ನು, ಹೂ ಕಟ್ಟುವ ದಾರ. ಬ್ಯಾಂಕಿನಲ್ಲಿ ಸಹಿ ತಾಳೆಯಾಗಲಿಲ್ಲವೆಂದು ಪೆನ್ಷನ್ ಹಣ ಸಿಗದೆ ವಾಪಸ್ ಬಂದವರಿದ್ದಾರೆ. ಅಕ್ಷರ ದೊಡ್ಡದಾಗಿ, ಗೆರೆ ಅಂಕುಡೊಂಕಾಗಿ, ಒಂದೊಂದು ಸಲ ಒಂದೊಂದು ರೀತಿ ಬರುತ್ತದೆ. ತೊಡೆಯ ಮೇಲೆ ಅಂಗೈಯನ್ನು ಬೇಗಬೇಗ ಮೇಲೆ ಕೆಳಗೆ ಮಗುಚಲು ಹೇಳಿದರೆ ತಾಳ ತಪ್ಪುತ್ತದೆ. ಕಣ್ಣೂ ಹಾಗೆಯೇ. ಪಕ್ಕಕ್ಕೆ ನೋಡಿದಾಗ ಗುಡ್ಡೆ ಒಂದು ಕಡೆ ನಿಲ್ಲದೆ ಚಿಮ್ಮುತ್ತಿರುತ್ತದೆ, ಅದನ್ನು ನಿಸ್ಟಾಗ್ಮಸ್ ಎನ್ನುತ್ತಾರೆ.

ಮಾತು ಹೇಳುವುದು

ಮಾತು ಕೈಕಾಲಿಗಿಂತ ನವಿರಾದ ಚಲನೆ. ನಾಲಿಗೆ, ತುಟಿ, ಗಂಟಲು, ಉಸಿರು ನಾಲ್ಕೂ ಕ್ಷಣಾರ್ಧದ ಅಳತೆಯಲ್ಲಿ ಹೊಂದಿಕೊಳ್ಳಬೇಕು. ಆ ಅಳತೆ ತಪ್ಪಿದಾಗ ಮಾತಿಗೆ ಒಂದು ವಿಶೇಷ ಸ್ವರೂಪ ಬರುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಮರೆಯುವುದಿಲ್ಲ.

ನಾನು ‘ಬಂಗಾರಪೇಟೆ’ ಎನ್ನಿ, ಆಮೇಲೆ ‘ರಾಬರ್ಟ್‌ಸನ್‌ಪೇಟೆ’ ಎನ್ನಿ ಎಂದು ಹೇಳಿಸುತ್ತೇನೆ. ‘ಬಂ… ಗಾ… ರ… ಪೇ… ಟೆ’ ಎಂದು ಅಕ್ಷರ ಬಿಡಿಬಿಡಿಯಾಗಿ, ಪ್ರತಿಯೊಂದಕ್ಕೂ ಒಂದೇ ಒತ್ತು ಬೀಳುತ್ತದೆ. ರಾಬರ್ಟ್‌ಸನ್‌ಪೇಟೆಯ ಒತ್ತಕ್ಷರದಲ್ಲಿ ನಾಲಿಗೆ ಎಡವುತ್ತದೆ, ಮರುಸಲ ಹೇಳಿಸಿದಾಗ ಅಲ್ಲಿ ಸರಿಹೋಗಿ ಬೇರೆ ಕಡೆ ಎಡವುತ್ತದೆ. ತಪ್ಪು ಒಂದೇ ಜಾಗದಲ್ಲಿ ಆಗದಿರುವುದೇ ಇದರ ಗುರುತು. ಸ್ವರ ಎಳೆದುಕೊಳ್ಳುವುದರಿಂದ ಹ್ರಸ್ವ ದೀರ್ಘ ಕಲೆಸುತ್ತದೆ. ಬೆಳೆಯ ವಿಚಾರ ಹೇಳಿದರೆ ಕೇಳುವವರಿಗೆ ಬೇಳೆ ಎಂದು ಕೇಳಿಸುತ್ತದೆ. ದನಿ ಇದ್ದಕ್ಕಿದ್ದಂತೆ ಏರಿ, ಉಸಿರು ಸಾಲದೆ ಇಳಿದುಹೋಗುತ್ತದೆ. ಏರಿದ ದನಿ ಕೇಳಿ ಜಗಳಕ್ಕೆ ಬಂದರೆಂದು ತಿಳಿಯುವವರಿದ್ದಾರೆ. ‘ಪ-ಟ-ಕ, ಪ-ಟ-ಕ’ ಎಂದು ವೇಗವಾಗಿ ಹೇಳಿಸಿದರೆ ಲಯ ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಕೆಜಿಎಫ್‌ನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಆಡುವವರಿದ್ದಾರೆ. ಮೂರರಲ್ಲೂ ಈ ಮುರಿದ ಲಯ ಒಂದೇ.

ಆದರೆ ಅವರು ಹೇಳುವ ವಿಷಯದಲ್ಲಿ ಸಾಮಾನ್ಯವಾಗಿ ಗೊಂದಲವಿರುವುದಿಲ್ಲ. ಹೆಸರು, ಲೆಕ್ಕ, ನಿನ್ನೆಯ ಮಾತು ಎಲ್ಲ ನೆನಪಿರುತ್ತದೆ. ಪದ ಹುಡುಕುವ ಕಷ್ಟವಿಲ್ಲ, ಉಚ್ಚರಿಸುವ ಕಷ್ಟ ಮಾತ್ರ. ಹಾಗಾಗಿ ಅವರ ಮುಂದೆಯೇ ಮನೆಯವರನ್ನು ‘ಇವ್ರಿಗೆ ಏನಾಗಿದೆ?’ ಎಂದು ಕೇಳುವುದಕ್ಕಿಂತ, ಒಂದು ನಿಮಿಷ ತಾಳಿ ಅವರನ್ನೇ ಕೇಳಬೇಕು.

ಕುಡಿತವೋ ಕಾಯಿಲೆಯೋ

ಎರಡೂ ಒಂದೇ ರೀತಿ ಕಾಣಲು ಕಾರಣವಿದೆ. ಮದ್ಯ ತಲೆಗೇರಿದಾಗ ಅದು ಕೆಡಿಸುವುದೂ ಇದೇ ಕಿರುಮೆದುಳಿನ ಕೆಲಸವನ್ನು. ವ್ಯತ್ಯಾಸ ಸಮಯದಲ್ಲಿದೆ. ನಶೆಯ ತೂರಾಟ ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಕಾಯಿಲೆಯ ತೂರಾಟ ಸಾಮಾನ್ಯವಾಗಿ ಬೆಳಿಗ್ಗೆ ಎದ್ದಾಗಲೂ ಇರುತ್ತದೆ, ವಾರವಾದರೂ ಇರುತ್ತದೆ.

ಕುಡಿಯುವವರನ್ನು ಇಲ್ಲಿಗೇ ಕೈಬಿಡುವಂತಿಲ್ಲ. ವರ್ಷಾನುಗಟ್ಟಲೆ ಕುಡಿದು, ಸರಿಯಾಗಿ ಉಣ್ಣದವರಲ್ಲಿ ಕಿರುಮೆದುಳಿನ ನಡುಭಾಗ ಸವೆಯುತ್ತದೆ. ಅವರಿಗೆ ಕೈ, ಮಾತಿಗಿಂತ ಕಾಲು ಹೆಚ್ಚು ಕೆಡುತ್ತದೆ. ಕುಡಿತ ಬಿಟ್ಟು ಬಿ1 ವಿಟಮಿನ್, ಒಳ್ಳೆಯ ಊಟ ಸಿಕ್ಕರೆ ನಡಿಗೆ ಎಷ್ಟೋ ಸುಧಾರಿಸಿದ್ದನ್ನು ನೋಡಿದ್ದೇನೆ. ಬಾಯಲ್ಲಿ ವಾಸನೆ ಇದ್ದ ಮಾತ್ರಕ್ಕೆ ಸ್ಟ್ರೋಕ್ ಆಗಿಲ್ಲ ಎಂದೂ ಹೇಳಲಾಗದು.

ತೂರಾಟವೆಲ್ಲ ಕಿರುಮೆದುಳಿನದೇ ಅಲ್ಲ. ಕತ್ತಲಲ್ಲಿ, ಅಥವಾ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಮಾತ್ರ ವಾಲಿದರೆ ಪಾದದ ನರಗಳನ್ನು, ಬಿ12 ಮತ್ತು ಸಕ್ಕರೆ ಮಟ್ಟವನ್ನು ಪರೀಕ್ಷಿಸಬೇಕು. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಕೆಲವು ಸೆಕೆಂಡು ತಲೆ ಗಿರ್ರೆಂದು ತಿರುಗಿ ನಿಂತರೆ ಅದು ಹೆಚ್ಚಾಗಿ ಒಳಕಿವಿಯ ತೊಂದರೆ.

ತಡ ಮಾಡಬಾರದ ಗಳಿಗೆ

ಇದ್ದಕ್ಕಿದ್ದಂತೆ ತಲೆ ಸುತ್ತಿ, ವಾಂತಿಯಾಗಿ, ಎದ್ದು ನಿಲ್ಲಲಾಗದೆ ಒಂದು ಕಡೆ ವಾಲಿದರೆ ನಮ್ಮ ಕಡೆ ‘ಪಿತ್ತ ಏರಿದೆ’ ಎಂದು ನಿಂಬೆಹಣ್ಣಿನ ಶರಬತ್ತು ಕೊಟ್ಟು ಮಲಗಿಸುತ್ತಾರೆ. ಅದು ಕಿರುಮೆದುಳಿನ ಸ್ಟ್ರೋಕ್ ಆಗಿರಬಹುದು. ಇದರಲ್ಲಿ ಬಾಯಿ ಸೊಟ್ಟಗಾಗದೆ, ಕೈ ಬೀಳದೆ ಇರಬಹುದು. ಅದಕ್ಕೇ ಈಗ ಸ್ಟ್ರೋಕ್ ಗುರುತುಗಳ ಪಟ್ಟಿಗೆ ಮುಖ, ತೋಳು, ಮಾತಿನ ಜೊತೆ ಸಮತೋಲನ, ಕಣ್ಣು ಎರಡನ್ನೂ ಸೇರಿಸಿದ್ದಾರೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಕಾಶ ನಾಲ್ಕೂವರೆ ಗಂಟೆ. ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಶುರುವಾದ ಹೊತ್ತನ್ನು ನೆನಪಿಟ್ಟು ಡಾಕ್ಟರಿಗೆ ಹೇಳಿ. ಮೊದಲ ಸಿಟಿ ಸ್ಕ್ಯಾನ್‌ನಲ್ಲಿ ಈ ಜಾಗದ ಸ್ಟ್ರೋಕ್ ಕಾಣದೇ ಇರಬಹುದು, ಎಂಆರ್‌ಐನಲ್ಲಿ ಚೆನ್ನಾಗಿ ಕಾಣುತ್ತದೆ. ಒಂದೆರಡು ದಿನದಲ್ಲಿ ಕಿರುಮೆದುಳು ಊದಿಕೊಂಡರೆ ಪಕ್ಕದ ಮೆದುಳುಕಾಂಡವನ್ನು ಒತ್ತುತ್ತದೆ. ಆದ್ದರಿಂದ ಆರಾಮಾಗಿದ್ದಾರೆ ಎನಿಸಿದರೂ ಆಸ್ಪತ್ರೆಯಲ್ಲೇ ಇರಬೇಕು.

ಮಕ್ಕಳ ವಿಚಾರದಲ್ಲಿ ಮೇಷ್ಟ್ರುಗಳಿಗೆ ಒಂದು ವಿನಂತಿ. ಬೆಳಿಗ್ಗೆ ಎದ್ದೊಡನೆ ತಲೆನೋವು, ವಾಂತಿ, ಜೊತೆಗೆ ನಡಿಗೆಯಲ್ಲಿ ತಡವರಿಕೆ ಇದ್ದರೆ ಮೆದುಳಿನಲ್ಲಿ ಗೆಡ್ಡೆ ಇದೆಯೇ ಎಂದು ನೋಡಿಸಲೇಬೇಕು. ಚಿಕನ್‌ಪಾಕ್ಸ್‌ನಂಥ ಸೋಂಕಾದ ಮೇಲೆ ಬರುವ ತೂರಾಟ ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಅದನ್ನೂ ಡಾಕ್ಟರೇ ನೋಡಿ ಹೇಳಬೇಕು.

ಸರಿಪಡಿಸಬಹುದಾದ ಕಾರಣಗಳು

ಕೆಜಿಎಫ್‌ನಲ್ಲಿ ಏನೇ ಕಾಯಿಲೆ ಬಂದರೂ ಗಣಿಯ ತ್ಯಾಜ್ಯ ರಾಶಿಬಿದ್ದ ಸೈನೈಡ್ ದಿಬ್ಬದ ಕಡೆ ಕೈ ತೋರಿಸುವುದು ವಾಡಿಕೆ. ಗಣಿಯ ಕಲ್ಲಿನ ದೂಳು ಹಾಳುಮಾಡಿದ್ದು ಶ್ವಾಸಕೋಶವನ್ನು. ಸಿಲಿಕೋಸಿಸ್ ಎಷ್ಟು ಮನೆಗಳನ್ನು ಮುರಿದಿದೆ ಎಂಬುದು ನಮಗೆ ಗೊತ್ತು. ತೂರಾಟಕ್ಕೆ ಕಾರಣ ಹುಡುಕುವಾಗ ಮಾತ್ರ ಮೊದಲು ಮಾತ್ರೆಯ ಡಬ್ಬಿ ತೆಗೆಯಬೇಕು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಅಗ್ಗದ, ಒಳ್ಳೆಯ ಔಷಧಿ. ಆದರೆ ಪ್ರಮಾಣ ಸ್ವಲ್ಪ ಏರಿದರೂ ರಕ್ತದಲ್ಲಿ ಅದರ ಮಟ್ಟ ಬಹಳ ಏರಿ ಕಣ್ಣು ಚಿಮ್ಮುವುದು, ತೂರಾಟ, ತೊದಲು ಮೂರೂ ಬರುತ್ತವೆ. ವರ್ಷಗಟ್ಟಲೆ ಒಂದೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರುತ್ತಿದ್ದ ಹೆಣ್ಣುಮಗಳೊಬ್ಬಳ ಒಸಡು ಊದಿತ್ತು, ನಡಿಗೆ ಓಲಾಡುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಇಳಿಸಿದ ಮೇಲೆ ನಡಿಗೆ ತಹಬಂದಿಗೆ ಬಂತು. ಫಿಟ್ಸ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ಬದಲಾವಣೆ ಡಾಕ್ಟರೇ ಮಾಡಬೇಕು.

ಥೈರಾಯ್ಡ್ ಕೊರತೆಯನ್ನೂ ಪರೀಕ್ಷಿಸಿ ಸರಿಪಡಿಸಬಹುದು. ಬಿಸಿಲಿನ ಹೊಡೆತ ಇನ್ನೊಂದು ಕಾರಣ. ಕಿರುಮೆದುಳಿನ ಪರ್ಕಿಂಜೆ ಎಂಬ ದೊಡ್ಡ ಕೋಶಗಳು ಕಾವನ್ನು ತಡೆಯಲಾರವು. ಚಾಂಪಿಯನ್ ರೀಫ್‌ನ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ತಂಪು ಗಾಳಿ ಹಾಯಿಸದೆ ಅಲ್ಲಿ ಕೆಲಸವೇ ಸಾಧ್ಯವಿರಲಿಲ್ಲ. ಈಗ ಅದೇ ಎಚ್ಚರ ಏಪ್ರಿಲ್ ಬಿಸಿಲಲ್ಲಿ ಟೊಮೆಟೊ ತೋಟದಲ್ಲಿ, ಕಟ್ಟಡದ ಮೇಲೆ ದುಡಿಯುವವರಿಗೆ ಬೇಕು. ಬಿಸಿಲಿಗೆ ಪ್ರಜ್ಞೆ ತಪ್ಪಿದವರ ಮೈಯನ್ನು ಕೂಡಲೇ ತಂಪು ಮಾಡದಿದ್ದರೆ ಬದುಕಿ ಉಳಿದರೂ ತೂರಾಟ ಉಳಿದುಬಿಡಬಹುದು.

ವಂಶದಲ್ಲಿ ಹರಿಯುವ ಅಟಾಕ್ಸಿಯಾ ಬೇರೆ. ಒಂದು ಬಗೆಯಲ್ಲಿ ತಂದೆಗೋ ತಾಯಿಗೋ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ; ಶುರುವಾಗುವುದು ಹೆಚ್ಚಾಗಿ ನಡುವಯಸ್ಸಿನಲ್ಲಿ. ಈ ಬಗೆಯ ಕಾಯಿಲೆಗಳಲ್ಲಿ ಮೊದಲನೆಯದರ ಜೀನನ್ನು 1993ರಲ್ಲಿ ಪತ್ತೆಹಚ್ಚಿದರು. ಇನ್ನೊಂದು ಬಗೆಯಲ್ಲಿ ತಂದೆ ತಾಯಿ ಇಬ್ಬರೂ ಆರೋಗ್ಯವಂತರು, ಆದರೆ ಇಬ್ಬರಲ್ಲೂ ದೋಷವಿರುವ ಒಂದೊಂದು ಜೀನ್ ಇರುತ್ತದೆ. 1863ರಲ್ಲಿ ನಿಕೋಲಾಸ್ ಫ್ರೀಡ್‌ರೈಕ್ ವಿವರಿಸಿದ, ಸಾಮಾನ್ಯವಾಗಿ ಎಳೆವಯಸ್ಸಿನಲ್ಲೇ ಶುರುವಾಗುವ ಕಾಯಿಲೆ ಈ ಗುಂಪಿನದು. ಸೋದರಮಾವ, ಅತ್ತೆಮಗನ ಜೊತೆ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಇರುವುದರಿಂದ ಈ ಮಾತು ಮುಖ್ಯ. ಮದುವೆಗೆ ಮೊದಲೇ ಜೆನೆಟಿಕ್ ಸಲಹೆ ಪಡೆಯುವುದರಲ್ಲಿ ನಾಚಿಕೆಯಿಲ್ಲ.

ಗುಣವಾಗದಿದ್ದರೂ ಮಾಡುವುದಿದೆ

ವಂಶದಲ್ಲಿ ಹರಿಯುವ ಹೆಚ್ಚಿನ ಅಟಾಕ್ಸಿಯಾಗಳನ್ನು ಬುಡದಿಂದ ಕೀಳುವ ಔಷಧಿ ನಮ್ಮ ಕೈಯಲ್ಲಿಲ್ಲ. ಆದರೂ ದಿನವೂ ಸಮತೋಲನದ ವ್ಯಾಯಾಮ ಮಾಡಿದವರು ಬೀಳುವುದು ಕಡಿಮೆ. ಆ ಸೆಕ್ಯೂರಿಟಿ ಕೆಲಸದವರಿಗೆ ಗೋಡೆ ಪಕ್ಕ ನಿಂತು ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದು, ಕುರ್ಚಿಯಿಂದ ನಿಧಾನ ಏಳುವುದು, ತಿರುಗುವಾಗ ಪುಟ್ಟ ಹೆಜ್ಜೆ ಇಡುವುದು ಕಲಿಸಿದೆ. ಅವರ ಮನೆ ಇಕ್ಕಟ್ಟು. ದಾರಿಯಲ್ಲಿದ್ದ ನೀರಿನ ಡ್ರಮ್ಮು ಜರುಗಿಸಿ, ಬಚ್ಚಲಿಗೆ ಕಂಬಿ ಹಾಕಿಸಿ, ಜಾರುವ ಹವಾಯಿ ಚಪ್ಪಲಿ ಬಿಡಿಸಿದೆವು. ಮಾತಿಗೆ ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟಂತೆ ಒಂದು ಉಸಿರಿಗೆ ಮೂರು ನಾಲ್ಕೇ ಪದ, ಪ್ರತಿ ಪದಕ್ಕೂ ತೊಡೆಯ ಮೇಲೆ ಬೆರಳಿನ ಒಂದು ತಟ್ಟು. ಈಗ ಫೋನಿನಲ್ಲಿ ಅವರ ಮಾತು ಮಗಳಿಗೆ ಅರ್ಥವಾಗುತ್ತದೆ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಅದನ್ನೂ ಥೆರಪಿಸ್ಟ್‌ಗೆ ಹೇಳಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ದೀರ್ಘಕಾಲದ ನರರೋಗಗಳೂ ಸೇರಿವೆ. ಮೆಡಿಕಲ್ ಬೋರ್ಡ್ ಪರೀಕ್ಷಿಸಿ ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡ್ ಕೊಟ್ಟರೆ ಸವಲತ್ತಿನ ಜೊತೆ ಮಾನವೂ ಉಳಿಯುತ್ತದೆ. ಪೊಲೀಸರೋ ಕಂಡಕ್ಟರೋ ತಡೆದಾಗ ಆ ಕಾರ್ಡ್ ತೋರಿಸಬಹುದು.

ಎಲ್ಲಿಗೆ ಹೋಗಬೇಕು

ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮಕ್ಕೆ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಹೋಗಿ ಮೆದುಳು ಆರೋಗ್ಯ ಕ್ಲಿನಿಕ್ ಕೇಳಿ. ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಅವರೇ ಬರೆದುಕೊಡುತ್ತಾರೆ.

ಹೋಗುವಾಗ ಮೂರು ವಸ್ತು ಜೊತೆಗಿರಲಿ. ಒಂದು, ಅವರು ನಡೆಯುವ, ತಿರುಗುವ, ಮಾತಾಡುವ ಒಂದು ನಿಮಿಷದ ಮೊಬೈಲ್ ವಿಡಿಯೊ. ಕೆಲವರ ತೂರಾಟ ಬಂದುಹೋಗುವ ಬಗೆಯದು, ಡಾಕ್ಟರ ಮುಂದೆ ಕಾಣದೇ ಹೋಗಬಹುದು. ಎರಡು, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳು. ಮೂರು, ಅಜ್ಜ ಅಜ್ಜಿ, ಸೋದರತ್ತೆ ಸೋದರಮಾವ, ಅಣ್ಣತಮ್ಮಂದಿರಲ್ಲಿ ಯಾರು ಹೀಗೆ ನಡೆಯುತ್ತಿದ್ದರು ಎಂಬ ಪಟ್ಟಿ. ಆ ಪಟ್ಟಿ ಬರೆಯುವಾಗ ‘ಅವ್ರಾ, ಕುಡೀತಿದ್ರು ಬಿಡಿ’ ಎಂದು ಯಾರ ಹೆಸರನ್ನೂ ಬಿಡಬೇಡಿ. ನಿಜಕ್ಕೂ ಏನಾಗಿತ್ತೆಂದು ಡಾಕ್ಟರು ತೀರ್ಮಾನಿಸಲಿ.